ಬಾದಾಮಿ ಎಲೆಯ ಕೆಂಪು

ಬೆಸೆಂಟ್ ನಗರದಲ್ಲಿ ಎಲೆಗಳು ಕೆಂಪಾಗುವುದು ಸಂಕ್ರಾಂತಿ ಕಳೆದ ಮೇಲೆ. ಡಿಸೆಂಬರಿನ ಮಳೆ ಮುಗಿದು, ಗೋಡೆಗಳ ಪಾಚಿ ಒಣಗಿ, ಕಡಲ ಗಾಳಿಯಲ್ಲಿ ಅಂಟು ಸ್ವಲ್ಪ ಕಡಿಮೆಯಾದ ಹೊತ್ತಿಗೆ, ಎಲಿಯಟ್ಸ್ ಬೀಚಿನ ಕಡೆಗೆ ಹೋಗುವ ಅಡ್ಡರಸ್ತೆಗಳ ಕಾಡುಬಾದಾಮಿ ಮರಗಳಲ್ಲಿ ಅಲ್ಲೊಂದು ಇಲ್ಲೊಂದು ಎಲೆ ಬಣ್ಣ ತಿರುಗುತ್ತದೆ. ಎರಡು ಮೂರು ವಾರದಲ್ಲಿ ಇಡೀ ಮರ. ಕೆಲವು ಎಲೆ ದಾಳಿಂಬೆಯ ಕೆಂಪು, ಕೆಲವು ಇಟ್ಟಿಗೆಯ ಕೆಂಪು, ಇನ್ನು ಕೆಲವು ನಡುನರದ ಆಚೆಗೆ ಹಸಿರು, ಈಚೆಗೆ ಕಿತ್ತಳೆ. ಅಂಗೈಗಿಂತ ದೊಡ್ಡದಾದ, ಚರ್ಮದಂತೆ ದಪ್ಪಗಿರುವ ಎಲೆ ಅದು. ನಿಲ್ಲಿಸಿದ ಕಾರಿನ ಮೇಲೆ ಬಿದ್ದರೆ ಸದ್ದಾಗುತ್ತದೆ. ಬೆಳಗ್ಗೆ ಪೌರಕಾರ್ಮಿಕರು ಗುಡಿಸಿ ಗುಡ್ಡೆ ಹಾಕುತ್ತಾರೆ, ಹತ್ತು ಗಂಟೆಗೆ ಮತ್ತೆ ಒಂದು ಪದರ ಬಿದ್ದಿರುತ್ತದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬೀಚಿಗೆ ವಾಕಿಂಗ್ ಹೊರಟವರು ಅದನ್ನು ತುಳಿದುಕೊಂಡು ಹೋಗುತ್ತಾರೆ.

ಅಕ್ಟೋಬರಿನಲ್ಲಿ ಇದೇ ಜನ, ನನ್ನನ್ನೂ ಸೇರಿಸಿ, ಬೋಸ್ಟನ್ನಿನಲ್ಲೋ ಮ್ಯೂನಿಕ್ಕಿನಲ್ಲೋ ಇರುವ ಅಣ್ಣ ಅತ್ತಿಗೆ ಕಳಿಸಿದ ಮೇಪಲ್ ಎಲೆಯ ಫೋಟೋಗಳಿಗೆ ಹೃದಯದ ಚಿಹ್ನೆ ಒತ್ತುತ್ತಾ ಕೂತಿರುತ್ತೇವೆ. ಆ ಫೋಟೋಗಳ ಕೆಳಗೆ ಕನ್ನಡದಲ್ಲಿ ಬರೆಯುವ ಅಭ್ಯಾಸವುಳ್ಳವರು ‘ಶರತ್ಕಾಲದ ಸೊಬಗು’ ಎಂದು ಬರೆದಿರುತ್ತಾರೆ. ನನ್ನ ತಕರಾರು ಶುರುವಾಗುವುದು ಅಲ್ಲಿಂದಲೇ.

ಶರದೃತು ಎಂದರೆ ಆಶ್ವಯುಜ, ಕಾರ್ತೀಕ. ನಮ್ಮ ಕಡೆ ಅದು ಮಳೆ ಹಿಂದೆಗೆದು ಆಕಾಶ ತೊಳೆದಿಟ್ಟಂತಾಗುವ ಕಾಲ. ನವರಾತ್ರಿ, ಬೆಳದಿಂಗಳು, ಹಾಲು ತುಂಬುತ್ತಿರುವ ಭತ್ತ. ಕಾಳಿದಾಸನ ಹೆಸರಿನಲ್ಲಿರುವ ‘ಋತುಸಂಹಾರ’ದಲ್ಲಿ ಒಂದೊಂದು ಋತುವಿಗೆ ಒಂದೊಂದು ಸರ್ಗ. ಅಲ್ಲಿಯ ಶರತ್ತು ಬಿಳಿ ಕಾಶದ ಹೂವಿನದು, ಹಂಸಗಳದು. ಉದುರುವ ಎಲೆಗೂ ಅದಕ್ಕೂ ಸಂಬಂಧವಿಲ್ಲ. ನಮ್ಮಲ್ಲಿ ಎಲೆ ಉದುರುವುದು ಶಿಶಿರದಲ್ಲಿ, ಮಾಘ ಫಾಲ್ಗುಣದ ಹೊತ್ತಿಗೆ. ಇಂಗ್ಲಿಷಿನ ‘ಆಟಮ್’ ಅನ್ನು ಕನ್ನಡಕ್ಕೆ ತಂದವರು ತಿಂಗಳನ್ನು ತಿಂಗಳಿಗೆ ಹೊಂದಿಸಿದರು, ಮರ ಏನು ಮಾಡುತ್ತಿದೆ ಎಂದು ನೋಡಲಿಲ್ಲ.

ತಮಿಳಿನವರು ಇನ್ನೊಂದು ದಾರಿ ಹಿಡಿದರು. ಇವತ್ತಿನ ತಮಿಳಿನಲ್ಲಿ ಆಟಮ್ ಎಂದರೆ ‘ಇಲೈಯುದಿರ್ ಕಾಲಂ’, ಎಲೆ ಉದುರುವ ಕಾಲ. ಕೇಳಲು ಸೊಗಸಾಗಿದೆ, ಆದರೆ ಹಳೆಯ ತಮಿಳಿನ ಆರು ಋತುಗಳಲ್ಲಿ ಅಂಥದ್ದೊಂದಿಲ್ಲ. ಐಪ್ಪಸಿ, ಕಾರ್ತಿಗೈ ತಿಂಗಳುಗಳು ಅವರಲ್ಲಿ ‘ಕೂದಿರ್’, ಥಂಡಿಯ ಕಾಲ. ಚೆನ್ನೈಯಲ್ಲಂತೂ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆ. ವರ್ಷದ ಮಳೆಯಲ್ಲಿ ಹೆಚ್ಚಿನ ಪಾಲು ಸುರಿಯುವುದು ಆಗಲೇ. 2015ರ ಡಿಸೆಂಬರಿನಲ್ಲಿ ಅಡಯಾರ್ ನದಿ ಮನೆಗಳಿಗೆ ನುಗ್ಗಿದ್ದನ್ನು ಇಲ್ಲಿದ್ದ ಯಾರೂ ಮರೆತಿರಲಾರರು. ಕನ್ನಡ ತಿಂಗಳನ್ನು ಉಳಿಸಿಕೊಂಡು ಎಲೆಯನ್ನು ಬಿಟ್ಟಿತು, ತಮಿಳು ಎಲೆಯನ್ನು ಉಳಿಸಿಕೊಂಡು ತಿಂಗಳನ್ನು ಬಿಟ್ಟಿತು.

ಎಲೆ ಯಾಕೆ ಕೆಂಪಾಗುತ್ತದೆ? ಚಳಿ ದೇಶದಲ್ಲಿ ಹಗಲು ಗಿಡ್ಡವಾಗುತ್ತಾ ರಾತ್ರಿ ತಣ್ಣಗಾಗುತ್ತಾ ಬಂದಾಗ ಮರ ಅಂಗಡಿ ಮುಚ್ಚುವ ಸಿದ್ಧತೆ ಮಾಡುತ್ತದೆ. ಎಲೆಯಲ್ಲಿರುವ ಸಾರಜನಕ, ರಂಜಕವನ್ನು ಕೊಂಬೆಗೆ ಹಿಂದಕ್ಕೆಳೆದುಕೊಳ್ಳುತ್ತದೆ. ಪತ್ರಹರಿತ್ತು ಒಡೆದುಹೋಗಿ, ಅದರಡಿಯಲ್ಲಿ ಮೊದಲಿಂದಲೂ ಇದ್ದ ಹಳದಿ ಕಾಣಿಸುತ್ತದೆ. ಕೆಂಪು ಹಾಗಲ್ಲ. ಆಂಥೋಸಯಾನಿನ್ ಎಂಬ ಆ ಬಣ್ಣವನ್ನು ಹೆಚ್ಚಿನ ಮರಗಳು ಕೊನೆಗಾಲದಲ್ಲಿ ಹೊಸದಾಗಿ ತಯಾರಿಸುತ್ತವೆ. ಸಾಯಲಿರುವ ಎಲೆಗೆ ಇಷ್ಟು ಖರ್ಚೇಕೆ ಎಂಬುದು ಸಸ್ಯವಿಜ್ಞಾನಿಗಳು ಇನ್ನೂ ಚರ್ಚಿಸುತ್ತಿರುವ ಪ್ರಶ್ನೆ. ಬಿಸಿಲಿನಿಂದ ರಕ್ಷಣೆ ಎನ್ನುವವರಿದ್ದಾರೆ, ಹುಳುಗಳಿಗೆ ಎಚ್ಚರಿಕೆ ಎನ್ನುವವರೂ ಇದ್ದಾರೆ. ನಮ್ಮಲ್ಲಿ ಚಳಿಯ ಬದಲು ಆ ಸೂಚನೆ ಕೊಡುವುದು ಹೆಚ್ಚಾಗಿ ನೀರಿನ ಅಭಾವ. ಕಾಡುಬಾದಾಮಿ ವರ್ಷಕ್ಕೆ ಎರಡು ಸಲವೂ ಎಲೆ ಉದುರಿಸುವುದುಂಟು.

ಇದರ ಜೊತೆಗೇ ಇನ್ನೊಂದು ಕೆಂಪಿದೆ. ಅದೇ ವಾರಗಳಲ್ಲಿ ಅರಳಿಮರ ತಾಮ್ರದ ಬಣ್ಣದ ಚಿಗುರು ಬಿಡುತ್ತದೆ, ಮಾವಿನ ಎಳೆ ಎಲೆ ಕಂದುಗೆಂಪಾಗಿ ಜೋತು ಬಿದ್ದಿರುತ್ತದೆ. ಅದೂ ಆಂಥೋಸಯಾನಿನ್ನೇ. ಹೋಗುವ ಎಲೆಯೂ ಬರುವ ಎಲೆಯೂ ಒಂದೇ ಹದಿನೈದು ದಿನದಲ್ಲಿ, ಒಂದೇ ರಸ್ತೆಯಲ್ಲಿ ಕೆಂಪಾಗಿರುವುದನ್ನು ಬೋಸ್ಟನ್ನಿನ ಅಣ್ಣ ನೋಡಲಾರ. ಅವನಿಗೆ ಇವೆರಡರ ನಡುವೆ ಆರು ತಿಂಗಳ ಬೋಳು ಕೊಂಬೆ ಇದೆ.

ಬೆಸೆಂಟ್ ನಗರದವರಿಗೆ ಮರ ನೋಡಲು ಹತ್ತಿರದ ಜಾಗ ಥಿಯಾಸಫಿಕಲ್ ಸೊಸೈಟಿಯ ತೋಟ. ನಮ್ಮ ಬಡಾವಣೆಯ ಹೆಸರೂ ಅಲ್ಲಿಂದಲೇ ಬಂದದ್ದು. 1882ರಲ್ಲಿ ಮೇಡಂ ಬ್ಲಾವಟ್‌ಸ್ಕಿ ಮತ್ತು ಕರ್ನಲ್ ಆಲ್ಕಾಟ್ ಅಡಯಾರ್ ನದಿಯ ದಂಡೆಯ ಹಡಲ್‌ಸ್ಟನ್ ಗಾರ್ಡನ್ಸ್ ಕೊಂಡಾಗ ಅದು ಮೂವತ್ತು ಎಕರೆಗೂ ಕಡಿಮೆ. ಈಗ ಅಲ್ಲಿರುವುದು ಇನ್ನೂರೈವತ್ತು ಎಕರೆಗೂ ಹೆಚ್ಚು, ಮತ್ತು ಆ ಬೆಳವಣಿಗೆಯ ದೊಡ್ಡ ಭಾಗ 1907ರಿಂದ 1933ರವರೆಗೆ ಅಧ್ಯಕ್ಷೆಯಾಗಿದ್ದ ಆನಿ ಬೆಸೆಂಟ್ ಕಾಲದ್ದು. ಬೆಂಗಳೂರಿನವರಿಗೆ ಬೆಸೆಂಟ್ ಬೇರೆ ರೀತಿಯಲ್ಲಿ ಪರಿಚಯ: ಬಸವನಗುಡಿಯ ನ್ಯಾಷನಲ್ ಹೈಸ್ಕೂಲು 1917ರಲ್ಲಿ ಶುರುವಾದದ್ದು ಆಕೆಯ ರಾಷ್ಟ್ರೀಯ ಶಿಕ್ಷಣದ ಚಳವಳಿಯಿಂದ. ಅಲ್ಲಿಂದ ಲಾಲ್‌ಬಾಗಿನ ಪಶ್ಚಿಮ ದ್ವಾರ ಕೂಗಳತೆಯ ದೂರ.

ಸೊಸೈಟಿಯ ತೋಟವನ್ನು ಸಸ್ಯೋದ್ಯಾನ ಎಂದು ಕರೆಯುವುದು ಸರಿಯಲ್ಲವೇನೋ. ಅಲ್ಲಿ ಸಾಲಾಗಿ ಹೂವಿನ ಮಡಿಗಳಿಲ್ಲ, ಬಣ್ಣಕ್ಕಾಗಿ ಯಾರೂ ಏನೂ ಹೊಂದಿಸಿಟ್ಟಂತಿಲ್ಲ. ಮರಗಳನ್ನು ಅವುಗಳ ಪಾಡಿಗೆ ಬಿಟ್ಟಂತಿದೆ. ನಡುವೆ ಮಸೀದಿ, ಇಗರ್ಜಿ, ಬೌದ್ಧ ಗುಡಿ, ಹಿಂದೂ ದೇವಸ್ಥಾನ ಹರಡಿಕೊಂಡಿವೆ. ಎಲ್ಲರೂ ನೋಡಲು ಹೋಗುವುದು ದೊಡ್ಡ ಆಲದ ಮರವನ್ನು. ಅದರ ವಯಸ್ಸು ನಾನೂರೈವತ್ತು ವರ್ಷ ಎಂದು ಹೇಳುವುದು ವಾಡಿಕೆ. ಅದರ ಅಡಿಯಲ್ಲಿ ದೊಡ್ಡ ದೊಡ್ಡ ಸಭೆಗಳು ನಡೆದಿವೆ. 1989ರ ಬಿರುಗಾಳಿಯಲ್ಲಿ ಅದರ ತಾಯಿಬೊಡ್ಡೆ ಉರುಳಿತು. ಬಿಳಲುಗಳು ಉಳಿದವು, ಈಗ ಮರ ಎಂದರೆ ಆ ಬಿಳಲುಗಳೇ. 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಬಂದಾಗ ಇಡೀ ನಗರದಲ್ಲಿ ಸಾವಿರಾರು ಮರ ಬಿದ್ದವು, ಈ ತೋಟವೂ ಬಹಳ ಕಳೆದುಕೊಂಡಿತು. ಬೀದಿಗಳಲ್ಲಿ ಉರುಳಿದವುಗಳಲ್ಲಿ ಗುಲ್‌ಮೊಹರ್, ಹಳದಿ ಗುಲ್‌ಮೊಹರ್‌ನಂಥ ಹೊರಗಿನಿಂದ ಬಂದ ಬಣ್ಣದ ಮರಗಳೇ ಜಾಸ್ತಿ ಎಂಬ ಮಾತು ಆಗ ಎದ್ದಿತು. ಹೊರಗಿನವು ಬೇರು ಬಿಡುವುದಿಲ್ಲ, ಇನ್ನು ಮೇಲೆ ಸ್ಥಳೀಯ ಮರಗಳನ್ನೇ ನೆಡಬೇಕು ಎಂದರು. ಮರಗಳ ವಿಷಯದಲ್ಲಿ ಅದರಲ್ಲಿ ತಿರುಳಿದೆ. ಆದರೂ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ನಿಂತು ಆ ಮಾತು ಕೇಳಿಸಿಕೊಳ್ಳುವಾಗ ಮುಖ ಸ್ವಲ್ಪ ಆಚೆ ತಿರುಗಿಸಬೇಕೆನಿಸುತ್ತಿತ್ತು.

ಹೊರಗಿನ ಮರಗಳು ಇಲ್ಲಿಗೆ ಬಂದ ಕಥೆಗೂ ಕೆಂಪು ಬಣ್ಣಕ್ಕೂ ನಂಟಿದೆ. ಅದಕ್ಕೆ ಅಡಯಾರಿನಿಂದ ಸೈದಾಪೇಟೆಗೆ ಹೋಗಬೇಕು, ಹಾಗೂ ಇನ್ನೂ ನೂರು ವರ್ಷ ಹಿಂದಕ್ಕೆ.

1780ರ ದಶಕದಲ್ಲಿ ಮದ್ರಾಸಿನಲ್ಲಿ ಜೇಮ್ಸ್ ಆಂಡರ್ಸನ್ ಎಂಬ ಕಂಪನಿಯ ವೈದ್ಯನಿದ್ದ. ಯುರೋಪಿಗೆ ಆಗ ಬೇಕಾಗಿದ್ದ ಅತಿ ದುಬಾರಿ ಬಣ್ಣಗಳಲ್ಲಿ ಒಂದು ಕಿರಮಂಜಿ ಕೆಂಪು. ಬ್ರಿಟಿಷ್ ಸೇನಾಧಿಕಾರಿಗಳ ಕೋಟುಗಳಿಗೆ ಅದೇ ಬಣ್ಣ. ಅದು ಸಿಗುತ್ತಿದ್ದದ್ದು ಮೆಕ್ಸಿಕೋದ ಕಳ್ಳಿಗಿಡದ ಮೇಲೆ ಬದುಕುವ ಕೊಚಿನೀಲ್ ಎಂಬ ಪುಟ್ಟ ಹುಳುವಿನಿಂದ, ವ್ಯಾಪಾರವೆಲ್ಲ ಸ್ಪೇನಿನ ಕೈಯಲ್ಲಿ. ಮದ್ರಾಸಿನ ಹುಲ್ಲಿನ ಮೇಲೆ ಅಂಥದ್ದೇ ಒಂದು ಹುಳು ತನಗೆ ಸಿಕ್ಕಿದೆ ಎಂದು ಆಂಡರ್ಸನ್ 1786ರಲ್ಲಿ ಲಂಡನ್ನಿನ ಜೋಸೆಫ್ ಬ್ಯಾಂಕ್ಸ್‌ಗೆ ಪತ್ರ ಬರೆದ. ಆ ಹುಳು ಉಪಯೋಗಕ್ಕೆ ಬರಲಿಲ್ಲ. ಆದರೆ ಆಸೆ ಹುಟ್ಟಿತ್ತು. ಕ್ಯೂ ತೋಟದಿಂದ ಕಳ್ಳಿಗಿಡಗಳು ಹಡಗು ಹತ್ತಿ ಬಂದವು. ಸೈದಾಪೇಟೆಯಲ್ಲಿ ಕಳ್ಳಿಯ ತೋಟವೊಂದು ಎದ್ದಿತು. ‘ನೋಪಾಲ್ರಿ’ ಎಂದು ಅದರ ಹೆಸರು, ಮೇಲ್ವಿಚಾರಣೆ ಆಂಡರ್ಸನ್ನನ ಸೋದರಳಿಯ ಆಂಡ್ರ್ಯೂ ಬೆರಿಯದು. ನಮ್ಮ ಹೊಲದ ಬೇಲಿಗಳಲ್ಲಿರುವ ಪಾಪಾಸುಕಳ್ಳಿಯೂ ಈ ಕಳ್ಳಿಯ ಕುಲದ್ದೇ, ಅಮೆರಿಕದಿಂದ ಬಂದದ್ದೇ.

ಕಳ್ಳಿ ಬೆಳೆಯಿತು, ಹುಳು ಸಿಗಲಿಲ್ಲ. 1795ರಲ್ಲಿ ಬ್ರೆಜಿಲ್‌ನಿಂದ ಕಲ್ಕತ್ತೆಗೆ ಕೊನೆಗೂ ಬಂದಿಳಿದ ಹುಳು ಕೀಳು ಜಾತಿಯದು, ಬಣ್ಣ ಕಡಿಮೆ, ಹಸಿವು ಹೆಚ್ಚು. ಮುಂದೆ 1830ರ ದಶಕದಲ್ಲಿ ದಕ್ಷಿಣದಲ್ಲಿ ಕಳ್ಳಿ ಹಬ್ಬಿ ಕಾಟವಾದಾಗ ಅದನ್ನು ತಿಂದು ಮುಗಿಸಲು ಬಳಸಿದ್ದು ಇದೇ ಹುಳುವನ್ನು. ಬಣ್ಣದ ವ್ಯಾಪಾರ ಮಾತ್ರ ಹುಟ್ಟಲೇ ಇಲ್ಲ. 1800ರಲ್ಲಿ ಸೈದಾಪೇಟೆಯ ತೋಟ ಮುಚ್ಚಿತು. ಅಲ್ಲಿದ್ದ ಬೆಲೆಯುಳ್ಳ ಗಿಡಗಳನ್ನು ಎಲ್ಲಿಗೆ ಕಳಿಸಿದರು ಗೊತ್ತೇ? ಬೆಂಗಳೂರಿನ ಲಾಲ್‌ಬಾಗಿಗೆ.

ಶ್ರೀರಂಗಪಟ್ಟಣ ಬಿದ್ದು ಆಗ ಒಂದೇ ವರ್ಷ. 1760ರಲ್ಲಿ ಹೈದರಾಲಿ ಶುರು ಮಾಡಿ ಟಿಪ್ಪು ಬೆಳೆಸಿದ ತೋಟ ಕಂಪನಿಯ ಕೈಗೆ ಬಂದಿತ್ತು. ಅದೇ 1800ರ ಏಪ್ರಿಲಿನಲ್ಲಿ ಫ್ರಾನ್ಸಿಸ್ ಬುಕಾನನ್ ಮದ್ರಾಸಿನಿಂದ ಮೈಸೂರು, ಕೆನರಾ, ಮಲಬಾರುಗಳ ಸಮೀಕ್ಷೆಗೆ ಹೊರಟ. ಬೆಂಗಳೂರಿನಲ್ಲಿ ಅವನು ನೋಡಿದ ತೋಟಗಳು ಚೌಕಚೌಕವಾಗಿ ವಿಂಗಡಿಸಿದವು. ಹಾದಿಗಳ ಪಕ್ಕದಲ್ಲಿ ಸೈಪ್ರೆಸ್ ಮರಗಳ ಸಾಲು, ಒಂದು ಚೌಕಕ್ಕೆ ಒಂದೇ ಬಗೆಯ ಗಿಡ: ಗುಲಾಬಿಗೊಂದು, ದಾಳಿಂಬೆಗೊಂದು. ಕೆಂಪು ತೋಟ ಎಂಬ ಹೆಸರಿಗೆ ಆ ಗುಲಾಬಿಗಳೇ ಕಾರಣವೆಂದು ಜನ ಹೇಳುವುದುಂಟು. ಕಂಪನಿಯ ಸಸ್ಯಶಾಸ್ತ್ರಜ್ಞನಾಗಿದ್ದ ಜರ್ಮನಿಯ ಬೆಂಜಮಿನ್ ಹೇನ್ ಅದರ ಉಸ್ತುವಾರಿಗೆ ಬಂದ. ಮದ್ರಾಸಿನ ಗಿಡಗಳು ಎತ್ತಿನ ಗಾಡಿಗಳಲ್ಲಿ ಘಟ್ಟ ಹತ್ತಿರಬೇಕು. ನಾವು ಶತಾಬ್ದಿಯಲ್ಲೋ ರಾತ್ರಿ ಬಸ್ಸಿನಲ್ಲೋ ಓಡಾಡುವ ದಾರಿಯಲ್ಲಿ ನಮಗಿಂತ ಮುಂಚೆ, ನಮಗೆ ಎದುರು ದಿಕ್ಕಿನಲ್ಲಿ.

ಇಲ್ಲಿಂದ ಮುಂದೆ ಎರಡೂ ಊರುಗಳ ತೋಟಗಳ ಕಥೆ ಹೆಣೆದುಕೊಂಡೇ ಸಾಗುತ್ತದೆ. ಹ್ಯೂ ಕ್ಲೆಗಾರ್ನ್ ಹುಟ್ಟಿದ್ದು 1820ರಲ್ಲಿ ಮದ್ರಾಸಿನಲ್ಲಿ, ಓದಿದ್ದು ಸ್ಕಾಟ್ಲೆಂಡಿನಲ್ಲಿ, ವೈದ್ಯನಾಗಿ ಕೆಲಸಕ್ಕೆ ಬಂದದ್ದು ಶಿವಮೊಗ್ಗಕ್ಕೆ. ಅಲ್ಲಿ 1840ರ ದಶಕದ ನಡುವಿನಲ್ಲಿ ಮರಾಠಾ ಯುವಕ ಚಿತ್ರಗಾರನೊಬ್ಬನನ್ನು ಇಟ್ಟುಕೊಂಡು ದಿನಕ್ಕೊಂದು ಗಿಡದಂತೆ ಚಿತ್ರ ಬರೆಸಿದ. ಮಲೆನಾಡಿನ ಎಲೆ, ಹೂ, ಕಾಯಿಗಳ ಆ ಬಣ್ಣದ ಹಾಳೆಗಳು ಈಗ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿವೆ. ಚಿತ್ರಗಾರನ ಹೆಸರು ಉಳಿದಿಲ್ಲ. 1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾದದ್ದು ಮಾರ್ಕ್ ಕಬ್ಬನ್‌ಗೆ ಇದೇ ಕ್ಲೆಗಾರ್ನ್ ಕೊಟ್ಟ ಸಲಹೆಯ ಮೇಲೆ. ತೋಟ ದುಡ್ಡಿಗಾಗಿ ಬೆಳೆ ತೆಗೆಯುವ ಜಾಗವಾಗಬಾರದು, ಈ ನೆಲದ ಗಿಡಗಳನ್ನು ಅರಿಯುವ, ಬೇರೆ ತೋಟಗಳೊಂದಿಗೆ ಬೀಜ ಗಿಡ ಹಂಚಿಕೊಳ್ಳುವ ಜಾಗವಾಗಬೇಕು ಎಂಬುದು ಅವನ ನಿಲುವು. ಸೈದಾಪೇಟೆಯ ಕಳ್ಳಿ ತೋಟದ ಲೆಕ್ಕಾಚಾರದಿಂದ ಇದು ಬಹಳ ದೂರ.

ದುಡ್ಡಿನ ಕೆಂಪು ಹೋಗಿ ಕಣ್ಣಿನ ಕೆಂಪು ಬರಲು ಇನ್ನೊಬ್ಬ ಜರ್ಮನ್ ಬರಬೇಕಾಯಿತು. ಡ್ರೆಸ್ಡೆನ್ ಹತ್ತಿರದ ಗುಸ್ತಾವ್ ಕ್ರುಂಬಿಗಲ್ ಕ್ಯೂ, ಬರೋಡ ಮುಗಿಸಿ 1908ರಲ್ಲಿ ಲಾಲ್‌ಬಾಗಿಗೆ ಬಂದ. 1932ರವರೆಗೆ ಅಲ್ಲೇ ದುಡಿದ, 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡ. ಒಂದು ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷದ ಯಾವ ತಿಂಗಳೂ ಬೀದಿ ಬಣ್ಣವಿಲ್ಲದೆ ಇರಬಾರದು ಎಂಬ ಲೆಕ್ಕದಲ್ಲಿ ಬೆಂಗಳೂರಿನ ಸಾಲುಮರಗಳನ್ನು ಹೊಂದಿಸಿದ ಕೀರ್ತಿ ಅವನದು. ದಕ್ಷಿಣ ಅಮೆರಿಕದ ತಬೆಬುಯಾ, ಮಡಗಾಸ್ಕರಿನ ಗುಲ್‌ಮೊಹರ್‌ನಂಥ ಮರಗಳು ಬೆಂಗಳೂರಿನವೇ ಎನ್ನುವಷ್ಟು ನಮ್ಮವಾದದ್ದು ಈ ಬಗೆಯ ನೆಡುವಿಕೆಯಿಂದ. ನನಗನ್ನಿಸುವುದು, ಇದು ಎಲೆ ಬಣ್ಣ ತಿರುಗುವ ನಾಡಿನಿಂದ ಬಂದವನು ಮಾತ್ರ ಮಾಡಬಹುದಾದ ಲೆಕ್ಕ. ಬಣ್ಣವೆಂಬುದು ಕ್ಯಾಲೆಂಡರಿನಂತೆ ಸರದಿಯಲ್ಲಿ ಬರಬೇಕೆಂದು ಅವನ ಕಣ್ಣಿಗೆ ಬಾಲ್ಯದಿಂದಲೇ ಗೊತ್ತಿತ್ತು. ಇಲ್ಲಿ ಎಲೆ ಆ ಕೆಲಸ ಮಾಡದಿದ್ದಾಗ ಹೂವಿಗೆ ವಹಿಸಿದ. ಚೆಂದವೇ ಆಯಿತು, ಸುಳ್ಳು ಹೇಳಬಾರದು. ಆದರೆ ಅಂದಿನಿಂದ ನಾವು ಮರದಲ್ಲಿ ಬಣ್ಣ ಎಂದರೆ ಹೂವನ್ನೇ ಹುಡುಕುತ್ತೇವೆ. ಹೊಂಗೆ ಯುಗಾದಿಗೆ ಮುಂಚೆ ಎಲೆ ಕಳಚಿ ಮಿರಿಮಿರಿ ಹಸಿರು ತೊಡುವುದನ್ನು ನೋಡಲು ಲಾಲ್‌ಬಾಗಿಗೆ ಟಿಕೆಟ್ ತೆಗೆದುಕೊಂಡು ಹೋದವರನ್ನು ನಾನು ಕಂಡಿಲ್ಲ.

ಮದ್ರಾಸಿಗೆ ಮರಳೋಣ. ಸೈದಾಪೇಟೆಯ ತೋಟ ಹೋದ ಮೇಲೆ, 1835ರಲ್ಲಿ ಇಲ್ಲಿ ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿ ಹುಟ್ಟಿತು. ಮೊದಲ ದಿನಗಳಲ್ಲಿ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್, ಆಮೇಲೆ ನಮ್ಮ ಶಿವಮೊಗ್ಗದ ಕ್ಲೆಗಾರ್ನ್ ಅದಕ್ಕಾಗಿ ದುಡಿದರು. ಸೇಂಟ್ ಜಾರ್ಜ್ ಕೆಥೆಡ್ರಲ್ ಹತ್ತಿರ ಅದರ ತೋಟ. ನೂರು ವರ್ಷಕ್ಕೂ ಮೀರಿ ಬೆಳೆದ ಆ ಮರಗಳ ಅಡಿಗೆ 1962ರಲ್ಲಿ ಬಂದು ಒಲೆ ಹಚ್ಚಿದವರು ನಮ್ಮ ದಕ್ಷಿಣ ಕನ್ನಡದ ಕಡಂದಲೆಯ ಕೃಷ್ಣರಾಯರು. ಅಡುಗೆಮನೆಯ ಕೆಲಸದಿಂದ ಮೇಲೆ ಬಂದು, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ತೆರೆದಿದ್ದವರು. ತೋಟದ ಜಾಗ ಗುತ್ತಿಗೆಗೆ ಪಡೆದು ಅವರು ಶುರು ಮಾಡಿದ್ದೇ ವುಡ್‌ಲ್ಯಾಂಡ್ಸ್ ಡ್ರೈವ್-ಇನ್. ಮರದಡಿ ಕಾರು ನಿಲ್ಲಿಸಿದರೆ ಕಿಟಕಿಗೆ ಟ್ರೇ ಸಿಕ್ಕಿಸಿ ದೋಸೆ, ಕಾಫಿ ತಂದುಕೊಡುತ್ತಿದ್ದರು. ಕಾರಿಲ್ಲದವರಿಗೆ ಒಳಗೆ ಮೇಜು ಕುರ್ಚಿ ಇತ್ತು. ಒಂದು ಕಾಫಿ ಮುಂದಿಟ್ಟುಕೊಂಡು ಅರ್ಧ ದಿನ ಕೂತರೂ ಯಾರೂ ಎಬ್ಬಿಸುತ್ತಿರಲಿಲ್ಲ. ಸಿನಿಮಾ ಕಥೆ ಬರೆಯುವವರು, ಕೆಲಸ ಹುಡುಕುವವರು, ಮೆಡಿಕಲ್ ರೆಪ್‌ಗಳು, ಕಾಲೇಜು ಹುಡುಗರಿಗೆಲ್ಲ ಅದು ಮನೆಯ ಹಜಾರವಿದ್ದಂತೆ. ಮದ್ರಾಸಿಗೆ ಬಂದಿಳಿದ ಕನ್ನಡಿಗನಿಗೆ ಗುರುತಿನವರನ್ನು ‘ಸಂಜೆ ಡ್ರೈವ್-ಇನ್‌ನಲ್ಲಿ ಸಿಗುತ್ತೇನೆ’ ಎನ್ನುವುದಕ್ಕಿಂತ ಸುಲಭದ ವಿಳಾಸ ಬೇರೆ ಇರಲಿಲ್ಲ.

ನಲವತ್ತಾರು ವರ್ಷ ನಡೆಯಿತು. ಬಹಳ ಕಾಲದ ವ್ಯಾಜ್ಯದ ನಂತರ 2008ರಲ್ಲಿ ಜಾಗ ಸರ್ಕಾರದ ವಶವಾಗಿ ಹೋಟೆಲು ಮುಚ್ಚಿತು. ಅಲ್ಲಿ ಸುಮಾರು ಇಪ್ಪತ್ತು ಎಕರೆಯಲ್ಲಿ ಹೊಸ ಸಸ್ಯೋದ್ಯಾನ ಕಟ್ಟಿ, 2010ರ ನವೆಂಬರ್ 24ರಂದು ಮುಖ್ಯಮಂತ್ರಿ ಕರುಣಾನಿಧಿ ಉದ್ಘಾಟಿಸಿದರು. ಅದೇ ವರ್ಷ ಕೊಯಮತ್ತೂರಿನಲ್ಲಿ ನಡೆದಿದ್ದ ಶಾಸ್ತ್ರೀಯ ತಮಿಳು ಸಮ್ಮೇಳನದ ನೆನಪಿಗೆ ‘ಸೆಮ್ಮೊಳಿ ಪೂಂಗಾ’, ಶಾಸ್ತ್ರೀಯ ಭಾಷೆಯ ಉದ್ಯಾನ ಎಂಬ ಹೆಸರು. ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಸಿಕ್ಕಿದ್ದು 2008ರಲ್ಲಿ, ಡ್ರೈವ್-ಇನ್ ಮುಚ್ಚಿದ ವರ್ಷವೇ. ಮದ್ರಾಸಿನ ಹಳೆಯ ಕನ್ನಡಿಗರನ್ನು ಕೇಳಿದರೆ ಅವರಿಗೆ ಆ ವರ್ಷದ ಎರಡನೆಯ ಸುದ್ದಿಯೇ ಚೆನ್ನಾಗಿ ನೆನಪಿದೆ.

ಉದ್ಯಾನ ಕಟ್ಟುವಾಗ ಹಳೆಯ ಮರಗಳನ್ನು ಕಡಿಯಲಿಲ್ಲ, ಅದೊಂದು ಪುಣ್ಯ. ಕೊಳ, ಬಾತುಕೋಳಿ, ಬೋನ್ಸಾಯಿ ಎಲ್ಲ ಆಮೇಲೆ ಬಂದವು. ಜನ ಫೋಟೋ ತೆಗೆಸಿಕೊಳ್ಳುವುದೂ ಅವುಗಳ ಮುಂದೆಯೇ. ಮಾಘದಲ್ಲಿ ಹೋದರೆ ಹಳೆಯ ಮರಗಳ ಕೆಳಗೆ ಎಲೆ ಬಿದ್ದಿರುತ್ತದೆ. ಕಳೆದ ಫೆಬ್ರವರಿಯಲ್ಲಿ ನನ್ನ ಜೊತೆ ಬಂದಿದ್ದ, ಎಪ್ಪತ್ತು ದಾಟಿದ ನೆರೆಮನೆಯ ಮಾವನವರು ಒಂದು ಕಡೆ ನಿಂತು, ‘ಇಲ್ಲೇ ಇರಬೇಕು ನೋಡಿ, ನಾವು ಕಾರು ನಿಲ್ಲಿಸುತ್ತಿದ್ದದ್ದು’ ಎಂದರು. ಕಾರು ಅವರದಲ್ಲವಂತೆ, ಸಾಹೇಬರದಂತೆ. ತಟ್ಟೆಗೆ ಎಲೆ ಬೀಳುತ್ತಿತ್ತೇ ಎಂದು ಕೇಳಿದೆ. ಬೀಳುತ್ತಿತ್ತು, ಸಾಂಬಾರಿನೊಳಗೇ ಬೀಳುತ್ತಿತ್ತು, ಮಾಣಿ ಬಂದು ಬೇರೆ ಬಟ್ಟಲು ಇಟ್ಟು ಹೋಗುತ್ತಿದ್ದ ಎಂದರು. ಬಣ್ಣ ಯಾವುದಿತ್ತು ಎಂದು ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಯೋಚಿಸಿ, ‘ಸಾಂಬಾರಿನ ಬಣ್ಣವೇ’ ಎಂದು ನಕ್ಕರು.